ನಾಡಿ ನೋಡಲು ಬಂದವರು ನಾಡು ಅಳೆದರು

ಶ್ರೀರಂಗಪಟ್ಟಣ ಬಿದ್ದು ಇನ್ನೂ ವರ್ಷ ತುಂಬಿರಲಿಲ್ಲ. 1800ರ ಏಪ್ರಿಲ್ 23ರಂದು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮದ್ರಾಸಿನಿಂದ ಮೈಸೂರು ಸೀಮೆಯ ಕಡೆಗೆ ಹೊರಟ. ಸ್ಕಾಟ್ಲೆಂಡಿನವನಾದ ಆತ 1783ರಲ್ಲಿ ಎಡಿನ್‌ಬರೋದಲ್ಲಿ ಎಂ.ಡಿ. ಪಡೆದವನು. ಪದವಿಗಾಗಿ ಬರೆದ ಪ್ರಬಂಧದ ವಿಷಯ, ಬಿಟ್ಟು ಬಿಟ್ಟು ಬರುವ ಚಳಿಜ್ವರ. ಘಟ್ಟದ ಕಾಡುಗಳು ಚಳಿಜ್ವರಕ್ಕೆ ಕುಖ್ಯಾತವಾಗಿದ್ದ ಕಾಲದಲ್ಲಿ ಅಂಥ ವೈದ್ಯನೊಬ್ಬ ಬಂದರೆ ಜ್ವರ ನೋಡಲೆಂದೇ ಬಂದಿರಬೇಕು ಎನ್ನಿಸುವುದು ಸಹಜ. ಆದರೆ ಗವರ್ನರ್ ಜನರಲ್ ವೆಲ್ಲೆಸ್ಲಿ ಕೊಟ್ಟ ಆಜ್ಞೆಯಲ್ಲಿ ಮೊದಲ ಸ್ಥಾನ ಬೇಸಾಯಕ್ಕಿತ್ತು. ಅದರ ಹಿಂದೆ ದನಕರು, ಹತ್ತಿ, ಮೆಣಸು, ಶ್ರೀಗಂಧ, ಏಲಕ್ಕಿ, ಗಣಿ, ಕೈಕಸುಬು, ಹವೆ, ಜನರ ಸ್ಥಿತಿಗತಿ. ಬುಕಾನನ್ ಮೈಸೂರು, ಮಲಬಾರ್, ಕೆನರಾ ಸುತ್ತಿ 1801ರ ಜುಲೈ ಹೊತ್ತಿಗೆ ಮದ್ರಾಸಿಗೆ ಮರಳಿದ. ಆತನ ದಿನಚರಿಯನ್ನು ಕಂಪನಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚು ಹಾಕಿಸಿತು. ಅದನ್ನು ತೆರೆದು ಓದುವವರಿಗೆ ಮೊದಲು ಕಣ್ಣಿಗೆ ಬೀಳುವ ಸಂಗತಿಯೆಂದರೆ, ವೈದ್ಯ ಬರೆದ ಆ ಪುಸ್ತಕದಲ್ಲಿ ರೋಗಿಗಳಿಗಿಂತ ರಾಗಿಯ ಮಾತೇ ಹೆಚ್ಚು.

ಇದು ಬುಕಾನನ್ ಒಬ್ಬನ ವೈಚಿತ್ರ್ಯವಲ್ಲ. ಅದೇ ಕಾಲದ ಕಂಪನಿಯ ವೈದ್ಯರ ಪಟ್ಟಿ ಹಿಡಿದು ನೋಡಿದರೆ ಒಬ್ಬ ತೋಟ ಬೆಳೆಸುತ್ತಾನೆ, ಒಬ್ಬ ಹಾವಿನ ಪುಸ್ತಕ ಬರೆಯುತ್ತಾನೆ, ಒಬ್ಬ ಟಂಕಸಾಲೆಯಲ್ಲಿ ಬೆಳ್ಳಿ ಪರೀಕ್ಷಿಸುತ್ತಾನೆ, ಇನ್ನೊಬ್ಬ ಸಂಸ್ಕೃತ ನಿಘಂಟು ಸಿದ್ಧಪಡಿಸುತ್ತಾನೆ. ಇದಕ್ಕೆ ರೂಢಿಯಲ್ಲಿರುವ ಸಮಾಧಾನ ಒಂದಿದೆ: ಆ ಕಾಲದ ವೈದ್ಯರು ಬಹುಮುಖ ಪ್ರತಿಭಾವಂತರು, ಕುತೂಹಲಿಗಳು, ಬಿಡುವಿನ ವೇಳೆಯಲ್ಲಿ ವಿದ್ಯೆಯ ಬೆನ್ನು ಹತ್ತಿದವರು. ಈ ವಿವರಣೆ ಅರ್ಧ ಮಾತ್ರ ನಿಜ. ಕಂಪನಿಯ ಆರಂಭ ಕಾಲದ ವೈದ್ಯ ವೈದ್ಯಕೀಯದ ಆಚೆಗೆ ಹೋದದ್ದು ಬರಿಯ ಬಿಡುವಿನ ಹವ್ಯಾಸದಿಂದಲ್ಲ. ಆತನ ನೌಕರಿಯ ಷರತ್ತು, ಆತನ ಮದ್ದಿನ ದುರ್ಬಲತೆ, ರೋಗದ ಬಗ್ಗೆ ಆತ ಕಲಿತ ಸಿದ್ಧಾಂತ, ಹೊಸದಾಗಿ ಗೆದ್ದ ಸೀಮೆಯ ಬಗ್ಗೆ ಕಂಪನಿಗಿದ್ದ ಅಜ್ಞಾನ ಇವು ನಾಲ್ಕೂ ಸೇರಿ ಆತನನ್ನು ಆ ಕಡೆಗೆ ನೂಕಿದವು. ವಾಸಿ ಮಾಡುವ ಕೈಗಿಂತ ನೋಡಿ ಬರೆದಿಡುವ ಕಣ್ಣಿಗೇ ಆಗ ಹೆಚ್ಚು ಬೆಲೆಯಿತ್ತು ಎಂಬುದು ಈ ಲೇಖನದ ವಾದ.

ಸಂಬಳ ಸಣ್ಣದು, ದಾರಿ ಹಲವು

ಮೊದಲು ನೌಕರಿಯನ್ನೇ ನೋಡೋಣ. ಮದ್ರಾಸಿನ ಕೋಟೆಯೊಳಗೆ ಕಂಪನಿಯ ಆಸ್ಪತ್ರೆ 1664ರಷ್ಟು ಹಿಂದೆಯೇ ಶುರುವಾಗಿತ್ತಾದರೂ ವೈದ್ಯರದ್ದೇ ಒಂದು ಕ್ರಮಬದ್ಧ ಸೇವೆ ರೂಪುಗೊಂಡದ್ದು ನೂರು ವರ್ಷದ ಮೇಲೆ. 1764ರಲ್ಲಿ ಬಂಗಾಳದಲ್ಲಿ ಆ ಸೇವೆ ಆರಂಭವಾದಾಗ ಅದರಲ್ಲಿದ್ದವರು ನಾಲ್ವರು ಮುಖ್ಯ ಸರ್ಜನ್‌ಗಳು, ಎಂಟು ಸರ್ಜನ್‌ಗಳು, ಇಪ್ಪತ್ತೆಂಟು ಸಹಾಯಕರು. ಒಟ್ಟು ನಲವತ್ತು ಜನ. ಅದಕ್ಕೆ ಮುಂಚೆ ಮತ್ತು ನಂತರವೂ ಬಹಳ ಮಂದಿ ಇಂಡಿಯಾಕ್ಕೆ ಬಂದದ್ದು ಕಂಪನಿಯ ಹಡಗುಗಳಲ್ಲಿ ಸರ್ಜನ್ನನ ಸಹಾಯಕರಾಗಿ. ಸಂಬಳ ಸಣ್ಣದಾಗಿತ್ತು. ಅದನ್ನು ಸರಿದೂಗಿಸಲು ಸ್ವಂತ ವ್ಯಾಪಾರ, ಆಸ್ಪತ್ರೆಗೆ ಸಾಮಾನು ಒದಗಿಸುವ ಗುತ್ತಿಗೆ, ಹಡಗಿನಲ್ಲಿ ತನ್ನ ಪಾಲಿಗೆ ಬಂದ ಜಾಗದಲ್ಲಿ ಸರಕು ಹೇರುವ ಅವಕಾಶ ಇವೆಲ್ಲ ನಡೆಯುತ್ತಿದ್ದವು. ಮುಂದೆ ಅಫೀಮು ವ್ಯಾಪಾರದ ದೊಡ್ಡ ಸಾಹುಕಾರನಾದ ವಿಲಿಯಂ ಜಾರ್ಡಿನ್ 1802ರಲ್ಲಿ ವೃತ್ತಿ ಆರಂಭಿಸಿದ್ದು ಕಂಪನಿಯ ಹಡಗಿನ ಸರ್ಜನ್ನನ ಸಹಾಯಕನಾಗಿ. ಜೋಸೆಫ್ ಹ್ಯೂಮ್ ಮರಾಠರ ಮೇಲಿನ ಯುದ್ಧದಲ್ಲಿ ದುಭಾಷಿಯಾಗಿ, ಬಟವಾಡೆ ಅಧಿಕಾರಿಯಾಗಿ ದುಡಿದು, ಸುಮಾರು 40 ಸಾವಿರ ಪೌಂಡ್ ಗಂಟು ಕಟ್ಟಿಕೊಂಡು ಊರಿಗೆ ಮರಳಿ ಪಾರ್ಲಿಮೆಂಟ್ ಸೇರಿದ. ಜಾನ್ ಗಿಲ್‌ಕ್ರಿಸ್ಟ್ ಅಸಿಸ್ಟೆಂಟ್ ಸರ್ಜನ್ ಆಗಿ ಬಂದು, ಗಾಜಿಪುರದಲ್ಲಿ ನೀಲಿ ಬೆಳೆದು, ಹಿಂದೂಸ್ತಾನಿ ನಿಘಂಟು ಬರೆದು, ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಮೇಷ್ಟರಾದ. ಜಾನ್ ಹಾಲ್‌ವೆಲ್ ಎಂಬ ಸರ್ಜನ್ 1760ರಲ್ಲಿ ಕೆಲ ತಿಂಗಳು ಬಂಗಾಳದ ಗವರ್ನರೇ ಆದ. ವೈದ್ಯ ಎಂಬ ಪದವಿ ಕಂಪನಿಯ ಮನೆಯೊಳಗೆ ಕಾಲಿಡಲು ಸಿಕ್ಕ ಒಂದು ಬಾಗಿಲಾಗಿತ್ತು. ಒಳಗೆ ಹೋದ ಮೇಲೆ ಯಾವ ಕೋಣೆಗೆ ನುಗ್ಗಬೇಕೆಂಬುದು ಆತನ ಚುರುಕಿಗೆ ಬಿಟ್ಟದ್ದು.

ಹಾಗೆಂದು ಎಲ್ಲರೂ ಚಿಕಿತ್ಸೆ ಬಿಟ್ಟು ಓಡಿದರು ಎಂದಲ್ಲ. ಬಹುಪಾಲು ಸರ್ಜನ್‌ಗಳು ದಂಡಿನ ಜೊತೆಗೇ ಇದ್ದರು. ಅವರ ದಿನ ಬೆಳಗಾಗುತ್ತಿದ್ದದ್ದು ಕಾಯಿಲೆ ಬಿದ್ದ ಸಿಪಾಯಿಗಳ ತಪಾಸಣೆಯಿಂದ. ಗುಂಡು ತೆಗೆಯುವುದು, ಕೊಳೆತ ಕೈಕಾಲು ಕತ್ತರಿಸುವುದು, ಕೀವುಗಟ್ಟಿದ ಹುಣ್ಣು ಬಿಡಿಸುವುದು, ಕಾಯಿಲೆಯವರ ಪಟ್ಟಿ ಬರೆದು ಮೇಲಿನವರಿಗೆ ಕಳಿಸುವುದು ದಿನನಿತ್ಯದ ಕೆಲಸ. ಆದರೆ ಯುದ್ಧಭೂಮಿಯ ಗಾಯಕ್ಕಿಂತ ಹೆಚ್ಚು ಜನರನ್ನು ಕೊಂದದ್ದು ಜ್ವರ ಮತ್ತು ಆಮಶಂಕೆ. ಅವುಗಳೆದುರು ವೈದ್ಯನ ಬತ್ತಳಿಕೆಯಲ್ಲಿದ್ದದ್ದು ಏನು? ರಕ್ತ ತೆಗೆಯುವುದು, ವಾಂತಿ ಮಾಡಿಸುವುದು, ಭೇದಿ ಮಾಡಿಸುವುದು, ಅಫೀಮು, ಮತ್ತು ಕ್ಯಾಲೊಮೆಲ್ ಎಂಬ ಪಾದರಸದ ಪುಡಿ. ಬಾಯಿ ತುಂಬ ಜೊಲ್ಲು ಸುರಿದು ಹಲ್ಲು ಅಲುಗಾಡುವವರೆಗೂ ಪಾದರಸ ಕೊಟ್ಟರೆ ಮದ್ದು ಹಿಡಿಯಿತೆಂದು ಲೆಕ್ಕ. ಚಳಿಜ್ವರಕ್ಕೆ ನಿಜವಾಗಿ ಕೆಲಸ ಮಾಡುತ್ತಿದ್ದ ಮದ್ದು ಒಂದೇ, ದಕ್ಷಿಣ ಅಮೆರಿಕದಿಂದ ಬರುತ್ತಿದ್ದ ಸಿಂಕೋನಾ ತೊಗಟೆ. ಅದರ ಸತ್ವವಾದ ಕ್ವಿನೈನನ್ನು ಬೇರ್ಪಡಿಸಿದ್ದು 1820ರಲ್ಲಿ. ಅಲ್ಲಿಯವರೆಗೆ ಯಾವ ತೊಗಟೆಯಲ್ಲಿ ಎಷ್ಟು ಸತ್ವವಿದೆಯೆಂದು ತಿಳಿಯುವ ಉಪಾಯವಿರಲಿಲ್ಲ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಬಂದದ್ದು 1846ರಲ್ಲಿ. ಕೈ, ಕತ್ತಿ ತೊಳೆಯದೆ ಗಾಯ ಮುಟ್ಟಿದರೆ ಕೀವು ಏರುತ್ತದೆ ಎಂಬ ತಿಳಿವು ಇನ್ನೂ ತಡವಾಗಿ ಬಂತು. ಅಂದಮೇಲೆ 1800ರ ಸುಮಾರಿನ ಒಬ್ಬ ಪ್ರಾಮಾಣಿಕ ವೈದ್ಯನಿಗೆ ತನ್ನ ಕಸುಬಿನ ಮಿತಿ ಗೊತ್ತಿಲ್ಲದೆ ಇರಲು ಸಾಧ್ಯವಿರಲಿಲ್ಲ.

ಈ ಮಿತಿ ಅತ್ಯಂತ ಕ್ರೂರವಾಗಿ ಬಯಲಾದದ್ದು 1817ರ ಕಾಲರಾದಲ್ಲಿ. ಬಂಗಾಳದ ಜೆಸ್ಸೋರಿನಲ್ಲಿ ಆಗಸ್ಟ್ ತಿಂಗಳಲ್ಲಿ ಎದ್ದ ಆ ಪಿಡುಗು ಮರುವರ್ಷ ದಖ್ಖನ್ ದಾಟಿ ದಕ್ಷಿಣಕ್ಕೂ ಇಳಿಯಿತು. ಬೆಳಗ್ಗೆ ಓಡಾಡಿಕೊಂಡಿದ್ದವನು ಸಂಜೆಗೆ ಇಲ್ಲ. ವೈದ್ಯರು ಅದಕ್ಕೂ ಕ್ಯಾಲೊಮೆಲ್, ಅಫೀಮು ಕೊಟ್ಟರು. ಮೈಯ ನೀರೆಲ್ಲ ಬತ್ತಿಹೋಗುತ್ತಿದ್ದ ರೋಗಿಯಿಂದ ರಕ್ತವನ್ನೂ ತೆಗೆದರು. ಇವತ್ತಿನ ತಿಳಿವಳಿಕೆಯಲ್ಲಿ ಅದು ಸಾವಿಗೆ ದಾರಿ ಸುಗಮ ಮಾಡಿಕೊಟ್ಟಂತೆ. ಆದರೆ ಅದೇ ವೈದ್ಯರು ಇನ್ನೊಂದು ಕೆಲಸವನ್ನು ಅದ್ಭುತವಾಗಿ ಮಾಡಿದರು. ಎಲ್ಲಿ, ಯಾವ ದಿನ, ಯಾವ ದಂಡಿನಲ್ಲಿ, ಯಾವ ಹವೆಯಲ್ಲಿ ರೋಗ ಕಾಣಿಸಿತು, ಎಷ್ಟು ಜನ ಬಿದ್ದರು, ಎಷ್ಟು ಜನ ಎದ್ದರು ಎಂದು ಬರೆದಿಟ್ಟರು. ಬಂಗಾಳದ ವೈದ್ಯರ ಪತ್ರಗಳನ್ನೆಲ್ಲ ಕೂಡಿಸಿ ಜೇಮ್ಸ್ ಜೇಮ್ಸನ್ 1820ರಲ್ಲಿ ಒಂದು ವರದಿ ಹೊರತಂದ. ಮದ್ರಾಸಿನ ವೈದ್ಯರದನ್ನು ವಿಲಿಯಂ ಸ್ಕಾಟ್ 1824ರಲ್ಲಿ ಪ್ರಕಟಿಸಿದ. ಒಂದು ಮಹಾಮಾರಿ ಊರಿಂದೂರಿಗೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಆ ವರದಿಗಳು ಇಂದಿಗೂ ಮೊದಲ ದರ್ಜೆಯ ಸಾಕ್ಷಿ. ಮದ್ದು ಸೋತಲ್ಲಿ ವರದಿ ಗೆದ್ದಿತು. ಕಂಪನಿಯ ವೈದ್ಯನ ಸಾಮರ್ಥ್ಯ ಎಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಸಿಗುವುದು ಕಷ್ಟ.

ನೆಲವೇ ರೋಗದ ಮೂಲ

ಹಾಗಾದರೆ ನೋಡಿ ಬರೆಯುವ ಅಭ್ಯಾಸ ವೈದ್ಯನಿಗೇ ಏಕೆ ಬಂತು, ಲೆಕ್ಕ ಬರೆಯುವ ಗುಮಾಸ್ತನಿಗೋ ಸೇನೆಯ ಕ್ಯಾಪ್ಟನ್ನನಿಗೋ ಏಕೆ ಅಷ್ಟಾಗಿ ಬರಲಿಲ್ಲ? ಉತ್ತರ ಆತ ಓದಿದ ಪಾಠದಲ್ಲಿದೆ. ಮದ್ದೆಂದರೆ ಬಹುಪಾಲು ಗಿಡಮೂಲಿಕೆಯಾಗಿದ್ದ ಕಾಲದಲ್ಲಿ ಸಸ್ಯಶಾಸ್ತ್ರ ವೈದ್ಯ ಶಿಕ್ಷಣದ ಅಂಗವಾಗಿತ್ತು. ಎಡಿನ್‌ಬರೋದಲ್ಲಿ ಜಾನ್ ಹೋಪ್ ಎಂಬ ಪ್ರಾಧ್ಯಾಪಕ ಲಿನಿಯಸ್ಸನ ವರ್ಗೀಕರಣ ಪದ್ಧತಿಯನ್ನು ಪಾಠ ಮಾಡುತ್ತಿದ್ದ; ಬುಕಾನನ್ ಆತನ ಶಿಷ್ಯ, ವಿಲಿಯಂ ರಾಕ್ಸ್‌ಬರ್ಗ್ ಕೂಡ ಆತನ ಶಿಷ್ಯ. ಕಾಣದ ಗಿಡವನ್ನು ಕಂಡ ಕೂಡಲೇ ಹೂವು, ಕೇಸರ, ಎಲೆ ಎಣಿಸಿ ಕುಲ ಗೊತ್ತುಮಾಡುವ ತರಬೇತಿ ಪಡೆದವರು ಕಂಪನಿಯ ನೌಕರರಲ್ಲಿ ಬೇರಾರೂ ಇರಲಿಲ್ಲವೆಂದೇ ಹೇಳಬೇಕು. ಇದರ ಜೊತೆಗೆ ರೋಗದ ಬಗ್ಗೆ ಆಗಿನ ಸಿದ್ಧಾಂತ ಇನ್ನೂ ಮುಖ್ಯ. ಜ್ವರ ಹುಟ್ಟುವುದು ಜವುಗು ನೆಲದಿಂದ, ಕೊಳೆತ ಎಲೆಯಿಂದ, ಕಾಡಿನ ಕೆಟ್ಟ ಗಾಳಿಯಿಂದ ಎಂದು ವೈದ್ಯರು ನಂಬಿದ್ದರು. ಹಾಗಿದ್ದಮೇಲೆ ರೋಗಿಯ ನಾಲಗೆ ನೋಡಿದರೆ ಸಾಲದು. ಮಣ್ಣು ಯಾವುದು, ನೀರು ಎಲ್ಲಿ ನಿಲ್ಲುತ್ತದೆ, ಗಾಳಿ ಯಾವ ತಿಂಗಳು ಯಾವ ದಿಕ್ಕಿನಿಂದ ಬೀಸುತ್ತದೆ, ಜನ ಏನು ತಿನ್ನುತ್ತಾರೆ ಎಂಬುದೆಲ್ಲ ತಿಳಿಯಬೇಕು. ರಾಕ್ಸ್‌ಬರ್ಗ್ ಮದ್ರಾಸಿನ ಆಸ್ಪತ್ರೆಯಲ್ಲಿದ್ದಾಗಲೇ ಹವಾಮಾನದ ದಿನಚರಿ ಇಡುತ್ತಿದ್ದದ್ದು ಈ ಕಾರಣಕ್ಕೆ. ನೆಲದ ಸರ್ವೆ ವೈದ್ಯಕೀಯದಿಂದ ದೂರ ಸರಿದ ಕೆಲಸವಲ್ಲ, ಆ ಕಾಲದ ವೈದ್ಯಕೀಯದ ಸಹಜ ಮುಂದುವರಿಕೆ ಎಂಬುದನ್ನು ಮರೆತರೆ ಬುಕಾನನ್ ಅರ್ಥವಾಗುವುದಿಲ್ಲ.

ಈ ಕಣ್ಣಿಗೆ ಕಂಪನಿ ಬೇಗನೆ ಬೆಲೆ ಕಟ್ಟಿತು. ಲಿನಿಯಸ್ಸನ ಶಿಷ್ಯ ಯೋಹಾನ್ ಕೋನಿಗ್ ತರಂಗಂಬಾಡಿಯ ಮಿಶನ್ನಿಗೆ ವೈದ್ಯನಾಗಿ ಬಂದವನು, ಕೊನೆಗೆ ಕಂಪನಿಯ ಸಸ್ಯಶಾಸ್ತ್ರಜ್ಞನಾದ. 1785ರಲ್ಲಿ ಆತ ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದ ಪ್ಯಾಟ್ರಿಕ್ ರಸೆಲ್, ಅಲೆಪ್ಪೋದಲ್ಲಿ ಪ್ಲೇಗ್ ಕಂಡಿದ್ದ ವೈದ್ಯ. ಹಾವು ಕಚ್ಚಿ ಸಾಯುವವರ ನಡುವೆ ರಸೆಲ್ ಎತ್ತಿದ ಮೊದಲ ಪ್ರಶ್ನೆ ಮದ್ದಿನದಲ್ಲ, ವಿಷದ ಹಾವು ಯಾವುದು, ವಿಷವಿಲ್ಲದ್ದು ಯಾವುದು ಎಂದು ಗುರುತಿಸುವುದು ಹೇಗೆ ಎಂಬುದು. 1796ರಲ್ಲಿ ಆತನ ಹಾವಿನ ಗ್ರಂಥ ಬಂತು. ನಮ್ಮ ಕೊಳಕುಮಂಡಲಕ್ಕೆ ಜಗತ್ತು ಇಟ್ಟಿರುವ ಹೆಸರು ಇವನದೇ. ರಾಕ್ಸ್‌ಬರ್ಗ್ ಗೋದಾವರಿ ಸೀಮೆಯ ಸಾಮಲ್‌ಕೋಟದಲ್ಲಿ ಮೆಣಸಿನ ತೋಟ ಎಬ್ಬಿಸಿ, 1793ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಮುಖ್ಯಸ್ಥನಾಗಿ ಹೋದ. ಮದ್ರಾಸಿನ ವೈದ್ಯಾಧಿಕಾರಿ ಜೇಮ್ಸ್ ಆಂಡರ್ಸನ್ ಸೈದಾಪೇಟೆಯಲ್ಲಿ ಪಾಪಾಸುಕಳ್ಳಿ ನೆಟ್ಟು ಅದರ ಮೇಲೆ ಕೆಂಪು ಬಣ್ಣ ಕೊಡುವ ಹುಳು ಸಾಕಲು ಹೊರಟ. ಮೆಣಸು, ನೀಲಿ, ರೇಷ್ಮೆ, ಬಣ್ಣದ ಹುಳು ಎಲ್ಲವೂ ಮಾರುಕಟ್ಟೆಯ ಸರಕುಗಳೇ ಎಂಬುದನ್ನು ಗಮನಿಸಬೇಕು. ಕಂಪನಿ ಜ್ಞಾನಕ್ಕೆ ದುಡ್ಡು ಹಾಕಿದ್ದು ಅದರಿಂದ ದುಡ್ಡು ಹುಟ್ಟೀತೆಂಬ ಆಸೆಯಿಂದ.

ಮೈಸೂರಿನಲ್ಲಿ ಮೂವರು

1799ರ ನಂತರ ಈ ಎಲ್ಲ ಎಳೆಗಳೂ ಬಂದು ಕೂಡಿದ ಜಾಗ ಮೈಸೂರು. ಕಂಪನಿಯ ಕೈಗೆ ಒಂದು ದೊಡ್ಡ ಸೀಮೆಯ ಮೇಲೆ ಹಿಡಿತ ಸಿಕ್ಕಿತ್ತು. ಆ ಸೀಮೆಯಲ್ಲಿ ಏನಿದೆಯೆಂಬುದು ಸರಿಯಾಗಿ ಗೊತ್ತಿರಲಿಲ್ಲ. ಕರ್ನಲ್ ಕಾಲಿನ್ ಮೆಕೆಂಜಿ ನಕ್ಷೆಯ ಸರ್ವೆ ಶುರುಮಾಡಿದಾಗ ಅದಕ್ಕೆ ಸರ್ಜನ್ ಮತ್ತು ಪ್ರಕೃತಿ ವಿಜ್ಞಾನಿಯೆಂದು ಸೇರಿದವನು ಜರ್ಮನಿಯ ಬೆಂಜಮಿನ್ ಹೇನ್. ಬೆಂಗಳೂರಿನ ಲಾಲ್‌ಬಾಗ್ ಕಂಪನಿಯ ವಶಕ್ಕೆ ಬಂದ ಮೊದಲ ವರ್ಷಗಳಲ್ಲಿ ಅದನ್ನು ನೋಡಿಕೊಂಡವನೂ ಇವನೇ. ಹೈದರ್ ಮತ್ತು ಟಿಪ್ಪು ಬೆಳೆಸಿದ ಅರಮನೆ ತೋಟವೊಂದು ಸರ್ಕಾರಿ ಸಸ್ಯೋದ್ಯಾನವಾಗುವ ದಾರಿಯಲ್ಲಿ ಮೊದಲ ಹೆಜ್ಜೆ ಇಟ್ಟದ್ದು ಒಬ್ಬ ವೈದ್ಯನ ಕೈಯಲ್ಲಿ. ಹೇನ್ ನಂತರ ಅದೇ ಸರ್ವೆಗೆ ಸರ್ಜನ್ನಾಗಿ ಬಂದ ಜಾನ್ ಲೇಡನ್ ಮೂಲತಃ ಕವಿ. ಇಂಡಿಯಾಕ್ಕೆ ಹೋಗಲು ವೈದ್ಯನ ಹುದ್ದೆಯೊಂದೇ ಖಾಲಿಯಿದೆಯೆಂದು ತಿಳಿದು ಕೆಲವೇ ತಿಂಗಳಲ್ಲಿ ಓದಿ ಪದವಿ ಗಿಟ್ಟಿಸಿಕೊಂಡು 1803ರಲ್ಲಿ ಮದ್ರಾಸಿಗೆ ಬಂದಿಳಿದ. ಮೈಸೂರು ಸೀಮೆಯಲ್ಲಿ ಕಾಯಿಲೆ ಬಿದ್ದ, ಭಾಷೆಗಳ ಮೇಲೆ ಭಾಷೆ ಕಲಿತ, ಕಲ್ಕತ್ತೆಯಲ್ಲಿ ನ್ಯಾಯಾಧೀಶನಾದ, ಟಂಕಸಾಲೆಯಲ್ಲಿ ಅಧಿಕಾರಿಯಾದ, 1811ರಲ್ಲಿ ಜಾವಾ ದಂಡಯಾತ್ರೆಗೆ ಹೋಗಿ ಅಲ್ಲಿ ಜ್ವರಕ್ಕೆ ಬಲಿಯಾದ. ಆಗ ಆತನಿಗೆ 35 ವರ್ಷ. ಟಂಕಸಾಲೆಯಲ್ಲಿ ಆತನ ಜೊತೆಗಿದ್ದ ಇನ್ನೊಬ್ಬ ಅಸಿಸ್ಟೆಂಟ್ ಸರ್ಜನ್ ಹೊರೇಸ್ ವಿಲ್ಸನ್ 1819ರಲ್ಲಿ ಸಂಸ್ಕೃತ ನಿಘಂಟು ಹೊರತಂದು, ಮುಂದೆ ಆಕ್ಸ್‌ಫರ್ಡಿನ ಮೊದಲ ಸಂಸ್ಕೃತ ಪ್ರಾಧ್ಯಾಪಕನಾದ.

ಇವರೆಲ್ಲರಲ್ಲಿ ಕನ್ನಡ ನಾಡಿನ ಮಟ್ಟಿಗೆ ಬುಕಾನನ್ನನ ಕೆಲಸವೇ ತೂಕದ್ದು. ಆತನ ಕ್ರಮ ಸರಳವಾಗಿತ್ತು. ಬಿಡಾರ ಹೂಡಿದ ಊರಿನಲ್ಲಿ ರೈತರನ್ನು, ನೇಕಾರರನ್ನು, ವ್ಯಾಪಾರಿಗಳನ್ನು, ಕಬ್ಬಿಣ ಕರಗಿಸುವವರನ್ನು ಕರೆಸಿ ದುಭಾಷಿಯ ಮೂಲಕ ಪ್ರಶ್ನೆ ಕೇಳುವುದು; ಕೇಳಿದ್ದನ್ನು ಅಂದಂದೇ ಬರೆಯುವುದು. ವೈದ್ಯ ರೋಗಿಯ ಪೂರ್ವವೃತ್ತಾಂತ ಕೇಳುವ ರೀತಿಯೇ ಇದು. ಎರೆ, ಕೆಬ್ಬೆ, ಮರಳು ಎಂದು ರೈತರು ಮಾಡುತ್ತಿದ್ದ ಮಣ್ಣಿನ ಭೇದ, ರಾಗಿಗೆ ಹೊಲ ಎಷ್ಟು ಸಲ ಉಳಬೇಕು, ಜೊತೆಗೆ ಅವರೆ, ತೊಗರಿ ಹೇಗೆ ಹಾಕಬೇಕು, ಕೆರೆಯ ನೀರು ಹಂಚುವುದು ಹೇಗೆ, ರಾಶಿಯಾದ ಮೇಲೆ ಕಣದಲ್ಲಿ ಯಾರ್ಯಾರಿಗೆ ಎಷ್ಟೆಷ್ಟು ಪಾಲು ಇವೆಲ್ಲ ಆತನ ಪುಟಗಳಲ್ಲಿವೆ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆಂದು ಎಳೆಯುತ್ತಿದ್ದ ಉಕ್ಕಿನ ತಂತಿ ದೂರದೂರದ ಸೀಮೆಗಳಿಗೆ ಹೋಗುತ್ತಿತ್ತೆಂಬ ಮಾತು ಅಲ್ಲಿದೆ. ಶ್ರೀರಂಗಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಭೇಟಿಯಿದೆ, ಕಾರ್ನ್‌ವಾಲಿಸ್‌ನ ದಂಡು ಹಾದುಹೋದ ಮೇಲೆ ಪಾಳುಬಿದ್ದ ಹಳ್ಳಿಗಳ ಉಲ್ಲೇಖವಿದೆ. ನಮ್ಮ ರೈತನ ಹೊಲದ ದಿನಗೆಲಸವನ್ನು ಇಷ್ಟು ಜಿಲ್ಲೆಗಳಲ್ಲಿ ಇಷ್ಟು ವಿವರವಾಗಿ ಬರೆದ ಇನ್ನೊಂದು ಗ್ರಂಥ ಆ ಕಾಲದ್ದು ಸಿಗುವುದು ಅಪರೂಪ. ಆದರೆ ಅದೇ ಪುಟಗಳಲ್ಲಿ ಆತ ಮತ್ತೆ ಮತ್ತೆ ಗೊಣಗುವುದೂ ಉಂಟು: ಜನ ನಿಜ ಹೇಳುವುದಿಲ್ಲ, ಬೆಳೆ ಕಡಿಮೆ ಹೇಳುತ್ತಾರೆ ಎಂದು. ಹೇಳುವುದಾದರೂ ಹೇಗೆ? ಹೊಸ ದೊರೆಗಳ ಕಡೆಯವನೊಬ್ಬ ಬಂದು ಹೊಲದ ಹುಟ್ಟುವಳಿ ಕೇಳಿದರೆ ಮುಂದೆ ಬರುವುದು ಕಂದಾಯ ಎಂದು ರೈತನಿಗೆ ಗೊತ್ತು. ಕೇಳುವವನು ವೈದ್ಯನೆಂಬುದು ಅಲ್ಲಿ ಲೆಕ್ಕಕ್ಕಿರಲಿಲ್ಲ.

ಕೇಳಿ ಬರೆದುಕೊಳ್ಳುವ ಈ ಸ್ವಭಾವ ವೈದ್ಯಕೀಯದ ಒಳಗೂ ಕೆಲಸ ಮಾಡಿತು. 1792ರಲ್ಲಿ ಮುಗಿದ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ದಂಡಿಗೆ ಎತ್ತು ಹೊಡೆಯುತ್ತಿದ್ದ ಕವಸ್ಜಿ ಎಂಬಾತ ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕು ಮೂಗು ಮತ್ತು ಒಂದು ಕೈ ಕಳೆದುಕೊಂಡ. ಸುಮಾರು ಒಂದು ವರ್ಷದ ಮೇಲೆ ಪುಣೆಯ ಹತ್ತಿರ ಇಟ್ಟಿಗೆ ಸುಡುವ ಜಾತಿಯ ಒಬ್ಬ ವೈದ್ಯ ಹಣೆಯ ಚರ್ಮವನ್ನು ಇಳಿಸಿ ಆತನಿಗೆ ಹೊಸ ಮೂಗು ಕಟ್ಟಿಕೊಟ್ಟ. ಅದನ್ನು ಕಣ್ಣಾರೆ ಕಂಡ ಕಂಪನಿಯ ಸರ್ಜನ್‌ಗಳ ಹೇಳಿಕೆಯೊಂದಿಗೆ ಆ ಸುದ್ದಿ 1794ರಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜೀನ್’ನಲ್ಲಿ ಚಿತ್ರಸಹಿತ ಅಚ್ಚಾಯಿತು. ಇಪ್ಪತ್ತು ವರ್ಷದ ಬಳಿಕ, 1814ರಲ್ಲಿ, ಜೋಸೆಫ್ ಕಾರ್ಪ್ಯೂ ಅದೇ ವಿಧಾನವನ್ನು ಲಂಡನ್ನಿನಲ್ಲಿ ಮಾಡಿ ತೋರಿಸಿದ. ಇಲ್ಲಿ ವಾಸಿ ಮಾಡಿದ ಕೈ ಇಲ್ಲಿನದು. ಬರೆದು ದಾಟಿಸಿದ ಕೈ ಅಲ್ಲಿನದು. ಮದ್ರಾಸ್ ಸೇನೆಯ ಸರ್ಜನ್ ವೈಟ್‌ಲಾ ಐನ್ಸ್ಲಿ 1813ರಲ್ಲಿ ಇಲ್ಲಿನ ಔಷಧಗಳ ದೊಡ್ಡ ಪಟ್ಟಿ ಪ್ರಕಟಿಸಿದ್ದೂ ಇದೇ ಜಾಡಿನಲ್ಲಿ. ಪ್ರಬಂಧದ ಮೇಲೆ ಹೆಸರು ಸಿಕ್ಕಿದ್ದು ಬರೆದವನಿಗೆ. ಗಿಡ ತೋರಿಸಿದ ಪಂಡಿತ, ಅರ್ಥ ಹೇಳಿದ ದುಭಾಷಿ, ಚಿತ್ರ ಬಿಡಿಸಿದ ಕಲಾವಿದ ಬಹುಪಾಲು ಅನಾಮಿಕರಾಗಿ ಉಳಿದರು. ಪುಣೆಯ ಆ ವೈದ್ಯನ ಹೆಸರೂ ಪತ್ರಿಕೆಯಲ್ಲಿ ಬರಲಿಲ್ಲ, ಎತ್ತು ಹೊಡೆಯುವವನ ಹೆಸರು ಬಂತು.

ಆಕ್ಷೇಪಗಳಿಗೆ ಉತ್ತರ

ಈ ವಾದಕ್ಕೆ ಮೊದಲ ಆಕ್ಷೇಪ ಲಸಿಕೆಯದು. ಮೈಲಿಬೇನೆಯ ವಿರುದ್ಧ ಜೆನ್ನರ್ 1798ರಲ್ಲಿ ಪ್ರಕಟಿಸಿದ ಲಸಿಕೆಯನ್ನು ನಾಲ್ಕೇ ವರ್ಷದಲ್ಲಿ ಇಂಡಿಯಾಕ್ಕೆ ತಂದವರು ಇದೇ ಕಂಪನಿಯ ವೈದ್ಯರಲ್ಲವೇ? ಹೌದು. ಬಾಗ್ದಾದ್, ಬಸ್ರಾ ದಾಟಿ ತೋಳಿಂದ ತೋಳಿಗೆ ದಾಟಿಸುತ್ತ ತಂದ ಆ ಲಸಿಕೆಯನ್ನು 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹಾಕಿದರು. ಅಲ್ಲಿಂದ ಅದು ದೇಶದ ತುಂಬ ಹರಡಿತು. ಮೈಸೂರಿನಲ್ಲಿ ಅರಮನೆಯೇ ಮುಂದೆ ಬಂತು. 1805ರ ಸುಮಾರಿಗೆ ಥಾಮಸ್ ಹಿಕಿ ಬರೆದ ಮೂವರು ರಾಜಸ್ತ್ರೀಯರ ಚಿತ್ರದಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗ ಕಾಣಲೆಂದೇ, ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಎಂದು ಇತಿಹಾಸಕಾರರು ವಾದಿಸಿದ್ದಾರೆ. ಇದು ನಿಜಕ್ಕೂ ಜೀವ ಉಳಿಸಿದ ವೈದ್ಯಕೀಯ. ಇದನ್ನು ಕಡೆಗಣಿಸಿದರೆ ಅನ್ಯಾಯ. ಆದರೆ ಲಸಿಕೆ ನನ್ನ ವಾದವನ್ನು ಮುರಿಯುವ ಬದಲು ಗಟ್ಟಿ ಮಾಡುತ್ತದೆ. ನಂಬಬಹುದಾದ ಒಂದು ಮದ್ದು ಕೈಗೆ ಬಂದ ಕೂಡಲೇ ಕಂಪನಿ ಅದನ್ನು ಹರಡುವ ಏರ್ಪಾಟು ಮಾಡಿತು ಎಂದರೆ, ಅದಕ್ಕೆ ಮೊದಲು ವೈದ್ಯನ ಕೈಯಲ್ಲಿ ಅಂಥದ್ದು ಇರಲಿಲ್ಲವೆಂದೇ ಅರ್ಥ. ಅಲ್ಲದೆ ಹಳ್ಳಿ ಹಳ್ಳಿ ತಿರುಗಿ ಲಸಿಕೆ ಹಾಕಿದವರಲ್ಲಿ ಹೆಚ್ಚಿನವರು ಕಡಿಮೆ ಸಂಬಳದ ಭಾರತೀಯರು. ಯುರೋಪಿಯನ್ ಸರ್ಜನ್ ಬಹುಮಟ್ಟಿಗೆ ಮೇಲ್ವಿಚಾರಕನಾಗಿ ಲೆಕ್ಕ ಒಪ್ಪಿಸುತ್ತಿದ್ದ. ಅಲ್ಲೂ ವರದಿಯೇ ಆತನ ಮುಖ್ಯ ಕೆಲಸವಾಯಿತು.

ಎರಡನೆಯ ಆಕ್ಷೇಪ ಎರಡು ವಿರುದ್ಧ ದಿಕ್ಕುಗಳಿಂದ ಬರುತ್ತದೆ. ಇವರು ನಿಸ್ವಾರ್ಥ ವಿದ್ವಾಂಸರು, ಇವರ ಕೆಲಸವನ್ನು ಕಂಪನಿಯ ಲಾಭಕ್ಕೆ ಗಂಟುಹಾಕುವುದು ತಪ್ಪು ಎನ್ನುವವರು ಒಂದು ಕಡೆ; ಇವರು ವೈದ್ಯರ ವೇಷದ ಗೂಢಚಾರರು, ಇವರ ಪುಸ್ತಕಗಳನ್ನು ನಂಬುವುದೇ ತಪ್ಪು ಎನ್ನುವವರು ಇನ್ನೊಂದು ಕಡೆ. ಮೊದಲನೆಯವರಿಗೆ ವೆಲ್ಲೆಸ್ಲಿಯ ಆಜ್ಞಾಪತ್ರವೇ ಉತ್ತರ. ಕುತೂಹಲ ಬುಕಾನನ್ನನದು, ಸಂದೇಹವಿಲ್ಲ; ಆದರೆ ಆ ಕುತೂಹಲ ಯಾವ ಊರಿಗೆ, ಯಾವ ಕ್ರಮದಲ್ಲಿ, ಯಾರ ಖರ್ಚಿನಲ್ಲಿ ಹೋಗಬೇಕೆಂದು ಗೊತ್ತುಮಾಡಿದ್ದು ಸರ್ಕಾರ. ಎರಡನೆಯವರಿಗೆ ಉತ್ತರ ಆ ವರದಿಗಳ ಪಾಡಿನಲ್ಲೇ ಇದೆ. ಬುಕಾನನ್ 1807ರಿಂದ 1814ರವರೆಗೆ ಬಂಗಾಳ, ಬಿಹಾರ ಸುತ್ತಿ ಬರೆದ ಬೃಹತ್ ಸರ್ವೆ ಆತನ ಜೀವಮಾನದಲ್ಲಿ ಪೂರ್ತಿ ಅಚ್ಚಾಗಲೇ ಇಲ್ಲ. 1829ರಲ್ಲಿ ಆತ ಸತ್ತು ಒಂಬತ್ತು ವರ್ಷದ ಮೇಲೆ ಮಾಂಟ್ಗೋಮರಿ ಮಾರ್ಟಿನ್ ಎಂಬಾತ ಅದರ ಭಾಗಗಳನ್ನು ಪ್ರಕಟಿಸಿದಾಗ ಮುಖಪುಟದಲ್ಲಿ ಬುಕಾನನ್ ಹೆಸರೇ ಇರಲಿಲ್ಲ. ಗೂಢಚಾರನ ವರದಿಯಾಗಿದ್ದರೆ ಅದು ಕಡತದಲ್ಲಿ ಹೀಗೆ ಧೂಳು ತಿನ್ನುತ್ತಿರಲಿಲ್ಲ. ಅಷ್ಟೇ ಅಲ್ಲ, ಕೇಳಿದವನ ಉದ್ದೇಶ ಏನೇ ಇರಲಿ, ಹೇಳಿದವರು ನಮ್ಮ ಊರಿನವರು. ಅವರ ಉತ್ತರಗಳು ಅನುವಾದದ ಪರದೆ ದಾಟಿಯೂ ಅಲ್ಲಿ ಉಳಿದಿವೆ. ಬ್ರಾಹ್ಮಣರ ಬಗ್ಗೆ, ಟಿಪ್ಪುವಿನ ಬಗ್ಗೆ, ನಮ್ಮ ನೇಗಿಲಿನ ಬಗ್ಗೆ ಬುಕಾನನ್ ಆಡುವ ಒರಟು ಮಾತುಗಳು ಆತನವು. ಮಣ್ಣಿನ ಹೆಸರು, ಬಿತ್ತನೆಯ ಕ್ರಮ, ಕಣದ ಲೆಕ್ಕ ರೈತನವು. ಇವೆರಡನ್ನೂ ಬೇರೆ ಮಾಡಿ ಓದುವುದು ಸಾಧ್ಯ.

ಮೂರನೆಯ ಪ್ರಶ್ನೆ, ಇದು ಬರಿಯ ಬುಕಾನನ್ ಪೀಳಿಗೆಯ ಕಥೆಯಲ್ಲವೇ ಎಂಬುದು. ಅಷ್ಟಕ್ಕೇ ಮುಗಿದಿದ್ದರೆ ಇದನ್ನು ವ್ಯವಸ್ಥೆಯ ಫಲ ಎನ್ನಲು ಬರುತ್ತಿರಲಿಲ್ಲ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ಸರ್ಜನ್ ಹ್ಯೂ ಕ್ಲೆಗಾರ್ನ್ ಕೂಡ ಎಡಿನ್‌ಬರೋದಲ್ಲಿ ಕಲಿತವನು. ಮಲೆನಾಡಿನ ಕಾಡು ಕಡಿಯುವುದನ್ನು, ಕಾಡು ಕಡಿದು ಸುಟ್ಟು ಬಿತ್ತುವ ಕುಮ್ರಿ ಬೇಸಾಯವನ್ನು ಗಮನಿಸಿ, ಕಾಡು ನಾಶವಾದರೆ ಹವೆ ಮತ್ತು ನೀರು ಕೆಡುತ್ತವೆ ಎಂದು ವಾದಿಸಿದ. 1856ರಲ್ಲಿ ಮದ್ರಾಸ್ ಪ್ರಾಂತದ ಮೊದಲ ಅರಣ್ಯ ಸಂರಕ್ಷಕನಾದ. ಕಾಡು ಉಳಿಸುವ ಆ ನೀತಿಯೇ ಕುಮ್ರಿ ಮಾಡಿ ಬದುಕುತ್ತಿದ್ದವರನ್ನು ಕಾಡಿನಿಂದ ಹೊರದಬ್ಬುವ ನೀತಿಯೂ ಆಯಿತೆಂಬುದು ಈ ಕಥೆಯ ಕಹಿ ಭಾಗ. ವೈದ್ಯನ ಈ ಬಹುರೂಪ ಕರಗಿದ್ದು ಎರಡು ಬದಲಾವಣೆಗಳಿಂದ. ಒಂದು, ಆತ ಮಾಡುತ್ತಿದ್ದ ಕೆಲಸಗಳಿಗೆಲ್ಲ ಬೇರೆ ಬೇರೆ ಇಲಾಖೆಗಳು ಬಂದವು: 1851ರಲ್ಲಿ ಭೂವಿಜ್ಞಾನ ಸರ್ವೆ, 1864ರಲ್ಲಿ ಅರಣ್ಯ ಇಲಾಖೆ, 1890ರಲ್ಲಿ ಸಸ್ಯ ಸರ್ವೆ. ಎರಡು, ವೈದ್ಯಕೀಯಕ್ಕೇ ಬಲ ಬಂತು. 1884ರಲ್ಲಿ ಕಾಕ್ ಕಲ್ಕತ್ತೆಯಲ್ಲಿ ಕಾಲರಾದ ಜೀವಾಣುವನ್ನು ಖಚಿತಪಡಿಸಿದ. 1895ರಲ್ಲಿ ಕಾಲರಾ ತಡೆಗೆಂದು ಬೆಂಗಳೂರಿಗೆ ಬಂದಿದ್ದ ರೊನಾಲ್ಡ್ ರಾಸ್, ಎರಡು ವರ್ಷದ ಮೇಲೆ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ರೋಗಾಣು ಕಂಡ. ಜ್ವರ ಹುಟ್ಟುವುದು ಮಣ್ಣಿನ ಗಾಳಿಯಿಂದಲ್ಲವೆಂದು ತಿಳಿದ ಮೇಲೆ ವೈದ್ಯ ಮಣ್ಣು ನೋಡುವ ಅಗತ್ಯ ಉಳಿಯಲಿಲ್ಲ. ಆತ ಆಸ್ಪತ್ರೆಗೂ ಪ್ರಯೋಗಾಲಯಕ್ಕೂ ಮರಳಿದ.

ಆದ್ದರಿಂದ ಕಂಪನಿಯ ಆರಂಭ ಕಾಲದ ವೈದ್ಯನನ್ನು ಮಹಾಪುರುಷನನ್ನಾಗಿಯೋ ಖಳನನ್ನಾಗಿಯೋ ನೋಡುವುದನ್ನು ಬಿಡಬೇಕು. ಆತ ವಾಸಿ ಮಾಡಿದ್ದು ಕಡಿಮೆ, ಬರೆದಿಟ್ಟದ್ದು ಅಪಾರ. ಬರೆದದ್ದು ಗೆದ್ದವರ ಅನುಕೂಲಕ್ಕೆ, ಉಳಿದದ್ದು ನಮ್ಮೆಲ್ಲರ ಉಪಯೋಗಕ್ಕೆ. ಬುಕಾನನ್ ಹಾದುಹೋದ ಬೆಂಗಳೂರು, ಚನ್ನಪಟ್ಟಣ, ಮಂಗಳೂರು, ಕಾರ್ಕಳ, ಶಿರಸಿ, ಚಿತ್ರದುರ್ಗ, ಶಿರಾ ಇವೆಲ್ಲ ಕಾಲೇಜುಗಳಿರುವ ಊರುಗಳು. ಅಲ್ಲಿನ ಇತಿಹಾಸದ ಮೇಷ್ಟ್ರುಗಳೂ ವಿದ್ಯಾರ್ಥಿಗಳೂ ತಮ್ಮ ಊರಿನ ಮಟ್ಟಿಗಾದರೂ ಆತನ ಪುಟಗಳನ್ನು ತೆರೆದು, ಹಳೆಯ ಕಡತ, ಶಾಸನ, ಹಿರಿಯ ರೈತರ ಮಾತು ಇವುಗಳ ಪಕ್ಕದಲ್ಲಿಟ್ಟು ತಾಳೆ ನೋಡಬೇಕು. ಎಲ್ಲಿ ಆತ ಸರಿಯಾಗಿ ಕೇಳಿಸಿಕೊಂಡ, ಎಲ್ಲಿ ಜನ ಬೇಕೆಂದೇ ಮುಚ್ಚಿಟ್ಟರು ಎಂಬುದನ್ನು ಊರಿನವರಲ್ಲದೆ ಬೇರೆ ಯಾರೂ ಹೇಳಲಾರರು.